ಮೊದಲು ತಾರಸಿ ಹತ್ತಿ ನೋಡಿ: ನಮ್ಮೂರ ದಂಡಿನ ಫ್ರೀಮೇಸನ್ ಲಾಡ್ಜ್ ಸದಸ್ಯರಿಗೆ ಒಂದು ಬಹಿರಂಗ ಪತ್ರ

ಚಿತ್ತೆ ಮಳೆ ಹಿಡಿದ ಮೂರನೆಯ ದಿನ ಬೆಳಗಿನ ಜಾವ ನಿಮ್ಮ ಕಾರ್ಯದರ್ಶಿಗಳು ಫೋನ್ ಮಾಡಿದರು. “ಒಳಗಡೆ ಸೂರು ಬಿದ್ದಿದೆ ಮೇಡಂ, ಒಂದ್ಸಲ ಬಂದು ನೋಡ್ತೀರಾ?” ಛತ್ರಿ ಹಿಡಿದು ಹೋದಾಗ ಅವರು ಮೆಟ್ಟಿಲ ಮೇಲೆ ಕೂತಿದ್ದರು. ಎಂಬತ್ತರ ಹತ್ತಿರದ ಜೀವ, ಪ್ಯಾಂಟು ಮೊಣಕಾಲಿನವರೆಗೆ ಒದ್ದೆ, ಕೈಯಲ್ಲಿ ಕೀಲಿ ಗೊಂಚಲು. “ಚಪ್ಪಲಿ ಹಾಕ್ಕೊಂಡೇ ಬನ್ನಿ, ಗಾಜು ಒಡೆದು ಬಿದ್ದಿದೆ” ಎನ್ನುತ್ತಾ ಬಾಗಿಲು ತೆರೆದರು.

ನಾನು ಆ ಕಟ್ಟಡದ ಹಿಂದಿನ ಬೀದಿಯಲ್ಲೇ ಹುಟ್ಟಿ ಬೆಳೆದವಳು. ಹಳೆಯ ಕಟ್ಟಡಗಳ ದುರಸ್ತಿಯೇ ನನ್ನ ಕಸುಬು. ಆದರೂ ಆ ಹೊಸ್ತಿಲು ದಾಟಿದ್ದು ಅವತ್ತೇ ಮೊದಲು. ಕರಿ ಬಿಳಿ ಚೌಕಗಳ ನೆಲ, ಪೂರ್ವಕ್ಕೆ ಎತ್ತರದಲ್ಲಿ ಲಾಡ್ಜ್‌ನ ಮುಖ್ಯಸ್ಥರಾದ ಮಾಸ್ಟರ್ ಕೂರುವ ಕುರ್ಚಿ, ಆ ಕುರ್ಚಿಯ ಮುಂದೆ ಒಂದು ಎತ್ತಿನಗಾಡಿ ತುಂಬುವಷ್ಟು ಗಾರೆ, ಇಟ್ಟಿಗೆ ಚೂರು, ಕಪ್ಪಗೆ ಕೊಳೆತ ಮರದ ತುಂಡು. ನಡುವಿನ ಪೀಠದ ಮೇಲೆ ಗೀತೆ, ಬೈಬಲ್, ಕುರಾನ್ ಮೂರೂ ನೆನೆದು ಉಬ್ಬಿದ್ದವು. ಕಾರ್ಯದರ್ಶಿಗಳು ಬೇರೆ ಯಾವುದನ್ನೂ ನೋಡದೆ ಮೊದಲು ಆ ಮೂರನ್ನೂ ಎತ್ತಿ ಎದೆಗೊತ್ತಿಕೊಂಡರು. ಅವರ ಬಿಳಿ ಅಂಗಿಯ ಮೇಲೆ ರಟ್ಟಿನ ಕೆಂಪು ಬಣ್ಣ ಇಳಿಯಿತು.

ಬರುವ ತಿಂಗಳು ನೀವೆಲ್ಲ ಸಭೆ ಸೇರಿ ಈ ಕಟ್ಟಡವನ್ನು ಏನು ಮಾಡಬೇಕೆಂದು ತೀರ್ಮಾನಿಸುತ್ತೀರಿ. ನಿಮ್ಮ ಮುಂದೆ ಎರಡು ಪ್ರಸ್ತಾಪ ಇವೆ ಎಂದು ಕೇಳಿದ್ದೇನೆ. ಬಿದ್ದ ಕಡೆ ಕಾಂಕ್ರೀಟು ಹಾಕಿ, ಗೋಡೆಗೆ ಸಿಮೆಂಟು ಬಳಿದು, ಬಣ್ಣ ಹೊಡೆದು, ಹೊಸ ಮಾಸ್ಟರ್ ಅಧಿಕಾರ ವಹಿಸಿಕೊಳ್ಳುವ ಸಮಾರಂಭದ ಹೊತ್ತಿಗೆ ಹಾಲ್ ಸಿದ್ಧ ಮಾಡುವುದು ಒಂದು. ಎಲ್ಲವನ್ನೂ ಕೆಡವಿ ಕೆಳಗೆ ಅಂಗಡಿ ಮಳಿಗೆ, ಮೇಲೆ ಲಾಡ್ಜ್ ಎಂದು ಹೊಸದಾಗಿ ಕಟ್ಟುವುದು ಇನ್ನೊಂದು. ಎರಡೂ ಬೇಡ ಎನ್ನುವುದಕ್ಕೆ ಈ ಕಾಗದ. ಕಾರ್ಯದರ್ಶಿಗಳಿಗೆ ನನ್ನ ವರದಿ ತಲುಪಿದೆ, ಅಳತೆ ಅಂದಾಜುಗಳೆಲ್ಲ ಅದರಲ್ಲಿವೆ. ಇದನ್ನು ಬಹಿರಂಗವಾಗಿ ಬರೆಯುತ್ತಿರುವುದು, ಆ ಕಟ್ಟಡದ ಋಣ ನಿಮಗಷ್ಟೇ ಅಲ್ಲದೆ ನಮ್ಮ ಬೀದಿಗೂ ಇದೆ ಎಂದು ನಾನು ನಂಬಿರುವುದರಿಂದ. ಅದು ಹಾಳಾದದ್ದರಲ್ಲಿ ನಮ್ಮ ಪಾಲೂ ಇದೆ, ಅದನ್ನು ಮುಂದೆ ಹೇಳುತ್ತೇನೆ.

ಮೊದಲು ನನ್ನ ಅಪ್ಪನ ವಿಷಯ. ಅವರು ಗಾರೆ ಕೆಲಸದ ಮೇಸ್ತ್ರಿ. ಇಪ್ಪತ್ತಕ್ಕೂ ಹೆಚ್ಚು ವರ್ಷ ನಿಮ್ಮ ಕಟ್ಟಡದ ಹೊರಗೋಡೆಗೆ ಸುಣ್ಣ ಹೊಡೆದವರು. ಯುಗಾದಿ ಕಳೆದ ವಾರವೇ ಹಿಂದಿನ ಕಬ್ಬಿಣದ ಮೆಟ್ಟಿಲು ಹತ್ತಿ ತಾರಸಿಗೆ ಹೋಗುತ್ತಿದ್ದರು. ನಾಲ್ಕು ಮೂಲೆಯ ನೀರುದೋಣಿಗಳಿಗೆ ಕೈ ಹಾಕಿ ಎಲೆ, ಕಸ, ಪಾರಿವಾಳದ ಗೂಡು ತೆಗೆಯುತ್ತಿದ್ದರು. ಕೈಪಿಡಿ ಗೋಡೆಯ ಸಂದಿಯಲ್ಲಿ ಚಿಗುರಿದ ಅರಳಿ ಸಸಿಯನ್ನು ಬೇರು ಸಮೇತ ಕಿತ್ತು ಆ ಸಂದಿಗೆ ಗಾರೆ ತುಂಬುತ್ತಿದ್ದರು. ಆಮೇಲೆ ಬಕೆಟ್ಟಿನಲ್ಲಿ ನೀರು ಸುರಿದು ಅದು ಯಾವ ಕಡೆ ಹರಿಯುತ್ತದೆ ಎಂದು ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದರು. ನಾನು ಶಾಲೆಗೆ ಹೋಗುವ ದಾರಿಯಲ್ಲಿ ತಲೆಯೆತ್ತಿದರೆ ಆಕಾಶಕ್ಕೆ ಅವರ ರುಮಾಲು ಕಾಣುತ್ತಿತ್ತು. ಒಳಗಿನ ಹಾಲ್ ಹೇಗಿದೆ ಅಪ್ಪಾ ಎಂದು ಕೇಳಿದರೆ, “ಅದು ಸಾಹೇಬರುಗಳ ಜಾಗ, ನಾವು ನೋಡೋ ಹಂಗಿಲ್ಲ. ಮೇಲಿಂದ ನೀರು ಬೀಳದ ಹಂಗೆ ನೋಡ್ಕೊಳ್ಳೋದು ನಮ್ಮ ಕೆಲಸ” ಎನ್ನುತ್ತಿದ್ದರು. ಆ ಹಾಲನ್ನು ಅಷ್ಟು ವರ್ಷ ಕಾಪಾಡಿದರೂ ಅದು ಹೇಗಿದೆ ಎಂದು ನೋಡದೆಯೇ ತೀರಿಕೊಂಡರು.

ವರ್ಷದ ಸುಣ್ಣದ ಕೆಲಸ ಯಾವಾಗಲೋ ನಿಂತಿತು. ಹೊರಗೋಡೆಗೆ ಡಬ್ಬದ ಬಣ್ಣ ಬಂತು. ಐದು ವರ್ಷ ಗ್ಯಾರಂಟಿ ಅಂದಮೇಲೆ ಪ್ರತಿ ವರ್ಷ ಯಾರನ್ನೂ ಕರೆಯುವ ಅಗತ್ಯ ಕಾಣಲಿಲ್ಲ. ಕಬ್ಬಿಣದ ಮೆಟ್ಟಿಲು ತುಕ್ಕು ಹಿಡಿದು ನಡುವಿನ ನಾಲ್ಕು ಹಲಗೆ ಕಳಚಿಬಿದ್ದವು. ಅವತ್ತಿನಿಂದ ಆ ತಾರಸಿಗೆ ಕಾಗೆ ಪಾರಿವಾಳಗಳ ಹೊರತು ಯಾರೂ ಹೋಗಿರಲಿಲ್ಲ. ನಿಮ್ಮ ಕಟ್ಟಡಕ್ಕೆ ಏನಾಯಿತು ಎಂದು ಒಂದೇ ಮಾತಿನಲ್ಲಿ ಕೇಳಿದರೆ ನನ್ನ ಉತ್ತರ ಇಷ್ಟೇ: ಮೇಲೆ ಹೋಗಲು ದಾರಿ ಇರಲಿಲ್ಲ.

ನೀರಿನ ಲೆಕ್ಕ ಸುಲಭ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಿಮ್ಮ ತಾರಸಿ ಸುಮಾರು 60 ಅಡಿ ಉದ್ದ, 40 ಅಡಿ ಅಗಲ, ಅಂದರೆ 220 ಚದರ ಮೀಟರಿಗಿಂತ ಸ್ವಲ್ಪ ಹೆಚ್ಚು. ಒಂದು ಸಂಜೆ 50 ಮಿಲಿಮೀಟರ್ ಮಳೆ ಸುರಿದರೆ 11,000 ಲೀಟರ್ ನೀರು ಆ ತಾರಸಿಗೆ ಬೀಳುತ್ತದೆ. ನಮ್ಮ ಬೀದಿಗೆ ಬೇಸಿಗೆಯಲ್ಲಿ ಬರುವ ನೀರಿನ ಟ್ಯಾಂಕರಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ಎರಡು ಟ್ಯಾಂಕರ್. ಅಷ್ಟೂ ನೀರು ನಾಲ್ಕು ದೋಣಿಗಳಲ್ಲಿ ಇಳಿದು ಹೋಗಬೇಕು. ಮಳೆ ನಿಂತ ಮೇಲೆ ನಾನು ಏಣಿ ಹಾಕಿ ಹತ್ತಿದಾಗ ಮೂರು ದೋಣಿಗಳಲ್ಲಿ ಅರಳಿ ಬೇರು ಹೆಣೆದುಕೊಂಡು ನೀರು ತೊಟ್ಟಿಕ್ಕುತ್ತಿತ್ತು. ನಾಲ್ಕನೆಯದು, ಪೂರ್ವದ ಮೂಲೆಯದು, ಮಾಸ್ಟರ್ ಕುರ್ಚಿಯ ನೇರ ಮೇಲಿನದು, ಪೂರ್ತಿ ಕಟ್ಟಿಕೊಂಡಿತ್ತು. ಮೊಣಕೈವರೆಗೆ ಕೈ ಹಾಕಿ ಎಳೆದೆ. ಮೊದಲು ಕೆಸರು ಬಂತು, ಆಮೇಲೆ ಗೂಡಿನ ಕಡ್ಡಿಗಳು, ಕೊನೆಗೆ ಒಂದು ರಬ್ಬರ್ ಚೆಂಡು.

ಅದು ನಮ್ಮ ಬೀದಿಯ ಚೆಂಡು. ನಮ್ಮ ಹುಡುಗರು ನಿಮ್ಮ ಹಿಂಗೋಡೆಗೆ ಇದ್ದಿಲಿನಲ್ಲಿ ಮೂರು ಗೆರೆ ಎಳೆದು ಕ್ರಿಕೆಟ್ ಆಡುತ್ತಾರೆ. ನಾವೂ ಆಡಿದ್ದೇವೆ. ಚೆಂಡು ಕಾಂಪೌಂಡಿನ ಒಳಗೆ ಬಿದ್ದರೆ ಓಡಿ ತರುತ್ತೇವೆ, ತಾರಸಿಗೆ ಹೋದರೆ ಅಲ್ಲಿಗೆ ಮರೆತುಬಿಡುತ್ತೇವೆ. ಕೇಳಲು ಯಾರೂ ಹೋಗುವುದಿಲ್ಲ, ಹೆದರಿಕೆ. ನಮ್ಮ ಬಾಲ್ಯದಲ್ಲಿ ನಿಮ್ಮ ಕಟ್ಟಡಕ್ಕೆ ಭೂತಬಂಗಲೆ ಎಂದೇ ಹೆಸರು. ಒಳಗೆ ತಲೆಬುರುಡೆ ಇದೆ, ರಾತ್ರಿ ಹೊತ್ತು ಕಣ್ಣಿಗೆ ಬಟ್ಟೆ ಕಟ್ಟಿ ಏನೋ ಮಾಡುತ್ತಾರೆ ಎಂದು ದೊಡ್ಡ ಹುಡುಗರು ಹೇಳಿ ಹೆದರಿಸುತ್ತಿದ್ದರು. ನಮ್ಮಲ್ಲಿ ಮಾತ್ರ ಹೀಗೆಂದಲ್ಲ, ಉತ್ತರ ಭಾರತದ ಕಂಟೋನ್ಮೆಂಟ್ ಊರುಗಳಲ್ಲಿ ಲಾಡ್ಜ್‌ಗೆ ಜಾದೂಘರ್ ಎನ್ನುತ್ತಿದ್ದರು. ಇನ್ನು ಲಾಡ್ಜ್ ಎಂದರೆ ನಮ್ಮವರಿಗೆ ರೂಮು ಸಿಗುವ ಜಾಗ. ಬಸ್ಸಿಳಿದವರು ಬೋರ್ಡು ಓದಿಕೊಂಡು ಪೆಟ್ಟಿಗೆ ಹಿಡಿದು ನಿಮ್ಮ ಗೇಟಿನವರೆಗೆ ಬಂದು ಬೀಗ ನೋಡಿ ವಾಪಸು ಹೋದದ್ದನ್ನು ಕಂಡಿದ್ದೇನೆ. ಇದು ಏನು, ಯಾರದು ಎಂದು ಯಾರಿಗೂ ಗೊತ್ತಿಲ್ಲದ ಕಟ್ಟಡ ಅದು. ಆ ಚೆಂಡಿನ ಹುಡುಗ ಬಂದು ಕೇಳಿದ್ದರೆ, ನಿಮ್ಮಲ್ಲೊಬ್ಬರು ಏಣಿ ತರಿಸಿ ಮೇಲೆ ಹತ್ತಿಸಿದ್ದರೆ, ತಾರಸಿಯಲ್ಲಿ ಮೊಳಕಾಲುದ್ದದ ಅರಳಿ ಗಿಡ ನಿಂತಿರುವುದು ಎಷ್ಟೋ ವರ್ಷ ಮೊದಲೇ ಕಾಣುತ್ತಿತ್ತು.

ಇನ್ನೊಂದು ಮಾತು, ತಪ್ಪು ತಿಳಿಯಬೇಡಿ. ನೀವು ಸೇರುವುದು ತಿಂಗಳಿಗೊಮ್ಮೆ, ಸಂಜೆಯ ಮೇಲೆ, ಪರದೆ ಎಳೆದು, ದೀಪ ಹಚ್ಚಿ. ಹಾಲಿಗೆ ಕಿಟಕಿಗಳೇ ಕಡಿಮೆ, ಇರುವವನ್ನೂ ತೆರೆಯುವುದಿಲ್ಲ. ಮಳೆಗಾಲದಲ್ಲಿ ಹಾಜರಾತಿ ಕಡಿಮೆ. ಹಾಗಾಗಿ ನಿಮ್ಮಲ್ಲಿ ಯಾರೂ ಆ ಸೂರನ್ನು ಹಗಲು ಬೆಳಕಿನಲ್ಲಿ, ಮಳೆ ಸುರಿಯುವಾಗ, ನೋಡಿದವರೇ ಇಲ್ಲ. ತೇವ ಮೊದಲು ಒಂದು ಹಳದಿ ಕಲೆಯಾಗಿ ಬರುತ್ತದೆ. ದೀಪದ ಬೆಳಕಲ್ಲಿ ಅದು ಕಾಣುವುದಿಲ್ಲ. ಆಮೇಲೆ ಬೂಷ್ಟಿನ ವಾಸನೆ. ಊದಿನಕಡ್ಡಿ ಹಚ್ಚಿದರೆ ಅದೂ ಮರೆಯಾಗುತ್ತದೆ.

ಈಗ ಸಿಮೆಂಟಿನ ವಿಷಯಕ್ಕೆ ಬರುತ್ತೇನೆ. ನನ್ನ ಮನಸ್ಸಿಗೆ ಹೆಚ್ಚು ನೋವಾಗಿರುವುದು ಇಲ್ಲಿಯೇ.

ನಿಮ್ಮ ಗೋಡೆಗಳು ಒಂದೂವರೆ ಅಡಿ ದಪ್ಪದ ಇಟ್ಟಿಗೆ ಗೋಡೆಗಳು, ಸುಣ್ಣದ ಗಾರೆಯಲ್ಲಿ ಕಟ್ಟಿದವು. ಸುಣ್ಣದಕಲ್ಲನ್ನು ಗೂಡಿನಲ್ಲಿ 900 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖದಲ್ಲಿ ಸುಟ್ಟರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟು ಹೋಗುತ್ತದೆ. ನೀರು ಹಾಕಿ ಅರಳಿಸಿ, ಮರಳು ಬೆರೆಸಿ, ಗಾಣದಲ್ಲಿ ಅರೆದು ಗೋಡೆಗೆ ಬಳಿದರೆ ಅದು ಅದೇ ಅನಿಲವನ್ನು ಗಾಳಿಯಿಂದ ನಿಧಾನವಾಗಿ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಈ ಕಲ್ಲಿನಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ. ಮಳೆಗಾಲದಲ್ಲಿ ಗೋಡೆ ಸ್ವಲ್ಪ ನೀರು ಕುಡಿಯುತ್ತದೆ, ಬಿಸಿಲು ಬಂದಾಗ ಅಷ್ಟನ್ನೂ ಬಿಡುತ್ತದೆ. “ಗೋಡೆಗೂ ಉಸಿರಾಟ ಇದೆ” ಎಂದು ಅಪ್ಪ ಹೇಳುತ್ತಿದ್ದುದು ಇದನ್ನೇ. ಸಿಮೆಂಟಿನ ಸ್ವಭಾವ ಬೇರೆ. ಅದು ಗಡುಸು, ಬಿಗಿ. ಕಾಂಕ್ರೀಟಿನ ಮನೆಗೆ ಅದು ಸರಿಯೇ, ನನ್ನ ಮನೆಯೂ ಅದರದ್ದೇ. ಆದರೆ ಮೆತ್ತಗಿನ ಇಟ್ಟಿಗೆ, ಸುಣ್ಣದ ಗೋಡೆಯ ಮೇಲೆ ಸಿಮೆಂಟು ಬಳಿದರೆ ಬಿಸಿಲಿಗೆ ಎರಡೂ ಬೇರೆ ಬೇರೆ ಅಳತೆಯಲ್ಲಿ ಹಿಗ್ಗಿ ಕುಗ್ಗಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಆ ಬಿರುಕಿನಿಂದ ನೀರು ಒಳಗೆ ಹೋಗುತ್ತದೆ. ಹೊರಗೆ ಬರಲು ದಾರಿ ಇಲ್ಲ. ಒಳಗೇ ನಿಂತ ನೀರು ಇಟ್ಟಿಗೆಯ ಉಪ್ಪನ್ನು ಕರಗಿಸುತ್ತದೆ. ಆ ಉಪ್ಪು ಸಿಮೆಂಟಿನ ಬೆನ್ನಿಗೆ ಹರಳುಗಟ್ಟಿ ಇಟ್ಟಿಗೆಯನ್ನು ಪುಡಿ ಮಾಡುತ್ತದೆ. ಹೊರಗಿನಿಂದ ನೋಡಿದರೆ ಬಣ್ಣ ಬಳಿದ ಚಂದದ ಗೋಡೆ.

ನಿಮ್ಮ ಕಟ್ಟಡದ ಉತ್ತರದ ಗೋಡೆಗೆ ಹನ್ನೆರಡು ವರ್ಷದ ಹಿಂದೆ ಹೀಗೆಯೇ ಸಿಮೆಂಟು ಬಳಿಸಿದಿರಿ. ಕೆಲಸ ಮಾಡಿದವರ ಹೆಸರು ಇಲ್ಲಿ ಬೇಡ. ಅವರಿಗೆ ಗೊತ್ತಿದ್ದ ಕೆಲಸವನ್ನು ಅವರು ಮಾಡಿದರು. ಅಪ್ಪ ಆಗ ಬದುಕಿದ್ದರು. ಕಣ್ಣು ಮಂಜಾಗಿತ್ತು. ನನ್ನ ಕೈ ಹಿಡಿದು ಗೇಟಿನವರೆಗೆ ಬಂದು, “ಸಾಹೇಬ್ರೇ, ಸುಣ್ಣದ ಗೋಡೆಗೆ ಸಿಮೆಂಟು ಬೇಡಿ” ಎಂದು ಹೇಳಿದರು. ಸಭೆಯ ಮುಂದೆ ಇಡುತ್ತೇವೆ ಎಂದು ಉತ್ತರ ಬಂತು. ಹೋದ ತಿಂಗಳು ಆ ಗೋಡೆಯ ಮೇಲೆ ಬೆರಳ ಗೆಣ್ಣಿನಲ್ಲಿ ಬಡಿಯುತ್ತಾ ಬಂದೆ. ಕಿಟಕಿಯಿಂದ ಮೂಲೆಯವರೆಗೂ ಟೊಳ್ಳು ಸದ್ದು. ಒಂದು ಹಾಳೆಯಷ್ಟು ಜಾಗ ಕೆತ್ತಿಸಿದೆವು. ಸಿಮೆಂಟು ರೊಟ್ಟಿಯ ಹಾಗೆ ಒಂದೇ ತುಂಡಾಗಿ ಕಳಚಿ ಬಂತು, ಅದರ ಹಿಂದೆ ಬಿಳಿ ಉಪ್ಪು ಹತ್ತಿಯ ಹಾಗೆ ಅರಳಿ ನಿಂತಿತ್ತು. ಉಗುರಿನಲ್ಲಿ ಗೀರಿದರೆ ಇಟ್ಟಿಗೆ ಕೆಂಪು ಪುಡಿಯಾಗಿ ಉದುರಿತು. ಈಗ ಉಳಿದ ಮೂರು ಗೋಡೆಗಳಿಗೂ ಸಿಮೆಂಟು ಬಳಿಯುವ ಪ್ರಸ್ತಾಪ ನಿಮ್ಮ ಮುಂದಿದೆ. ಮಾನ್ಯರೇ, ಕೈ ಮುಗಿದು ಕೇಳುತ್ತೇನೆ, ಅದಕ್ಕೆ ಒಪ್ಪಬೇಡಿ.

ಇದು ಅಂದಚಂದದ ಮಾತಷ್ಟೇ ಅಲ್ಲ, ಜೀವದ ಮಾತು. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಸತ್ತರು. ಹಳೆ ಪುಸ್ತಕ ಹುಡುಕಿಕೊಂಡು ನಾವೆಲ್ಲ ಹೋಗುತ್ತಿದ್ದ ಸಾಲು ಅದು. ನಾಲ್ಕು ವರ್ಷದ ನಂತರ, ಮತ್ತೆ ಆಗಸ್ಟ್‌ನಲ್ಲೇ, ದೇವರಾಜ ಮಾರುಕಟ್ಟೆಯ ಉತ್ತರದ ಹೆಬ್ಬಾಗಿಲ ಕಡೆ ಕುಸಿಯಿತು. ಎರಡೂ 19ನೇ ಶತಮಾನದ ಕಟ್ಟಡಗಳು. ಆಮೇಲೆ ಉಳಿಸಬೇಕೋ ಕೆಡವಬೇಕೋ ಎಂದು ವರ್ಷಗಟ್ಟಲೆ ವಾದ ನಡೆಯಿತು. ವಾದ ಬೆಳೆಯುವಾಗಲೂ ಮಳೆ ಬರುತ್ತಲೇ ಇರುತ್ತದೆ. ನಿಮ್ಮಲ್ಲಿ ಸೂರು ಬಿದ್ದದ್ದು ಬೆಳಗಿನ ಜಾವ, ಒಳಗೆ ಯಾರೂ ಇರಲಿಲ್ಲ. ಆ ಪುಣ್ಯಕ್ಕೆ ನಾನು ಇನ್ನೂ ಕೈ ಮುಗಿಯುತ್ತಿದ್ದೇನೆ.

ಹಾಗಾದರೆ ಏನು ಮಾಡಬೇಕು? ಮೊದಲು ತಾರಸಿ. ಗೋಡೆ, ನೆಲ, ಬಣ್ಣ, ದೀಪ ಎಲ್ಲ ಆಮೇಲೆ. ಸೋರುವ ಸೂರಿನ ಕೆಳಗೆ ಖರ್ಚು ಮಾಡಿದ ಪ್ರತಿ ರೂಪಾಯಿಯೂ ಮುಂದಿನ ಮಳೆಗೆ ಕೊಚ್ಚಿಕೊಂಡು ಹೋಗುತ್ತದೆ.

ನಿಮ್ಮದು ಮದ್ರಾಸ್ ತಾರಸಿ. ತೇಗದ ತೊಲೆಗಳ ಮೇಲೆ ತೆಳ್ಳನೆಯ ಸಣ್ಣ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆಯಾಗಿ, ಸುಣ್ಣದ ಗಾರೆಯಲ್ಲಿ ಜೋಡಿಸುತ್ತಾರೆ. ಅದರ ಮೇಲೆ ಇಟ್ಟಿಗೆ ಚೂರು ಬೆರೆಸಿದ ಸುಣ್ಣದ ಗಾರೆಯ ಹಾಸು. ಆ ಹಾಸನ್ನು ಸಾಲಾಗಿ ಕೂತು ಮರದ ಬಡಿಗೆಯಿಂದ ದಿನಗಟ್ಟಲೆ ಬಡಿಯಬೇಕು. ಅಳಲೆಕಾಯಿ ಬೆಲ್ಲ ಕೊಳೆಸಿದ ನೀರು ಚಿಮುಕಿಸುತ್ತಾ ಬಡಿಯಬೇಕು, ಬಡಿಗೆ ಪುಟಿದು ಮೇಲೆ ಬರುವವರೆಗೆ. ನಮ್ಮ ಅಜ್ಜಿ ಈ ಬಡಿಯುವ ಕೆಲಸಕ್ಕೆ ಹೋಗುತ್ತಿದ್ದರಂತೆ. ಬಡಿತಕ್ಕೆ ಹಾಡು ಸೇರಿಸದಿದ್ದರೆ ಕೈ ಸೋಲುತ್ತದೆ ಎನ್ನುತ್ತಿದ್ದರು. ಅದರ ಮೇಲೆ ಚಪ್ಪಟೆ ಹೆಂಚು ಹಾಸಿದರೆ ತಾರಸಿ ಮುಗಿಯಿತು. ನಿಮ್ಮ ತಾರಸಿಯ ಮುಕ್ಕಾಲು ಭಾಗ ಇವತ್ತಿಗೂ ಗಟ್ಟಿಯಾಗಿದೆ. ಸತ್ತಿರುವುದು ಪೂರ್ವದ ಮೂಲೆ ಮತ್ತು ಉತ್ತರದ ಅಂಚು ಮಾತ್ರ. ಅಷ್ಟನ್ನು ಬಿಚ್ಚಿ ಅದೇ ಕ್ರಮದಲ್ಲಿ ಕಟ್ಟಬೇಕು. ಮೆಟ್ಟಿಲು ಬೀಳುವ ಮೊದಲು ಯಾರೋ ಹಾಕಿಸಿದ ಕರಿ ವಾಟರ್‌ಪ್ರೂಫ್ ಹಾಳೆಯನ್ನು ತೆಗೆಯಬೇಕು, ಅದರ ಕೆಳಗೆ ಸಿಕ್ಕ ನೀರು ಇನ್ನೂ ಒಣಗಿಲ್ಲ. ನಾಲ್ಕು ದೋಣಿಗಳ ಬಾಯಿ ದೊಡ್ಡದು ಮಾಡಿ, ಜಾಲರಿ ಕೂರಿಸಿ, ಇಳಿದ ನೀರು ಗೋಡೆಯ ಬುಡದಲ್ಲಿ ನಿಲ್ಲದ ಹಾಗೆ ಚರಂಡಿ ಸೇರಿಸಬೇಕು. ಕಬ್ಬಿಣದ ಮೆಟ್ಟಿಲನ್ನು ಮತ್ತೆ ಹಾಕಬೇಕು. ನನ್ನ ಅಂದಾಜಿನಲ್ಲಿ ಮೊದಲ ಬಾಬತ್ತೇ ಆ ಮೆಟ್ಟಿಲು.

ಮರದ ವಿಷಯ. ಸೂರು ಬಿದ್ದ ಕಡೆ ಎರಡು ತೊಲೆಗಳ ತುದಿ ಗೋಡೆಯೊಳಗೆ ಕೊಳೆತಿವೆ. ಸ್ಕ್ರೂಡ್ರೈವರ್ ಒತ್ತಿದರೆ ನಾಲ್ಕು ಇಂಚು ಒಳಗೆ ಹೋಯಿತು, ನೆನೆದ ಅವಲಕ್ಕಿಗೆ ಬೆರಳು ಹಾಕಿದ ಹಾಗೆ. ಆದರೆ ಗೋಡೆಯಿಂದ ಎರಡಡಿ ಈಚೆಗೆ ಅದೇ ತೊಲೆಗೆ ಉಳಿ ಹೊಡೆದರೆ ಠಣ್ ಎನ್ನುತ್ತದೆ. ಮರದಲ್ಲಿ ನೀರಿನ ಪ್ರಮಾಣ ಶೇಕಡಾ 20ಕ್ಕಿಂತ ಕೆಳಗಿದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯುವುದಿಲ್ಲ. ಆ ಭಾಗದಲ್ಲಿ ಮೀಟರು 13 ತೋರಿಸಿತು. ಕೊಳೆತ ತುದಿಯನ್ನಷ್ಟೇ ಕತ್ತರಿಸಿ, ಹಳೆ ತೇಗದ್ದೇ ತುಂಡು ಓರೆಗಚ್ಚಿನಲ್ಲಿ ಕೂಡಿಸಿ, ಎರಡು ಪಕ್ಕಕ್ಕೆ ಉಕ್ಕಿನ ಪಟ್ಟಿ ಕೊಟ್ಟು ಬೋಲ್ಟು ಹಾಕಿದರೆ ಆ ತೊಲೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ನಿಲ್ಲುತ್ತದೆ. ಇಡೀ ಮರವನ್ನು ಕಿತ್ತು ಗುಜರಿಗೆ ಕೊಡುವ ಮಾತನ್ನು ಯಾರಾದರೂ ಆಡಿದರೆ ಮೊದಲು ಆ ತೇಗಕ್ಕೆ ಇವತ್ತಿನ ಬೆಲೆ ಎಷ್ಟು ಎಂದು ವಿಚಾರಿಸಿ.

ಇನ್ನು ನಿಮಗೆ ಇಷ್ಟವಾಗದ ಮಾತು: ಕಾಯಬೇಕು. ನೆನೆದ ಗೋಡೆ ಒಣಗಲು ಇಂಚಿಗೆ ಒಂದು ತಿಂಗಳು ಎಂಬುದು ಈ ಕಸುಬಿನ ರೂಢಿಯ ಲೆಕ್ಕ. ಹದಿನೆಂಟು ಇಂಚಿನ ಗೋಡೆ ಎರಡೂ ಕಡೆಯಿಂದ ಒಣಗಿದರೂ ಒಂಬತ್ತು ತಿಂಗಳು. ಅದೂ ಸಿಮೆಂಟು ಕೆತ್ತಿ ತೆಗೆದು, ಕಿಟಕಿ ಬಾಗಿಲು ತೆರೆದಿಟ್ಟು, ಗಾಳಿ ಆಡಿದರೆ. ಹೀಟರು ಇಟ್ಟು ಬೇಗ ಒಣಗಿಸೋಣ ಎಂದು ಒಬ್ಬರು ಕೇಳಿದರು. ಬೇಡ. ಮೇಲ್ಮೈ ಬೇಗ ಒಣಗಿ ಬಿರಿಯುತ್ತದೆ, ಉಪ್ಪೆಲ್ಲ ಮುಂದಕ್ಕೆ ಬರುತ್ತದೆ, ಮರ ಸೊಟ್ಟಗಾಗುತ್ತದೆ. ಈ ವರ್ಷದ ಸಮಾರಂಭವನ್ನು ಬೇರೆ ಎಲ್ಲಾದರೂ ಇಟ್ಟುಕೊಳ್ಳಿ. ಬ್ರಿಟಿಷ್ ರೆಜಿಮೆಂಟುಗಳ ಕಾಲದಲ್ಲಿ ದಂಡಿನ ಜೊತೆಗೇ ಊರೂರು ಸುತ್ತುವ ಲಾಡ್ಜ್‌ಗಳಿದ್ದವು, ಅವುಗಳಿಗೆ ಸ್ವಂತ ಕಟ್ಟಡವೇ ಇರಲಿಲ್ಲ ಎಂದು ನಿಮ್ಮ ಕಾರ್ಯದರ್ಶಿಗಳೇ ಹೇಳಿದರು. ಒಂದು ವರ್ಷ ನೀವೂ ಹಾಗಿರಲು ಸಾಧ್ಯ.

ಸೂರು ಬಿದ್ದ ದಿನ ಬೆಳಿಗ್ಗೆ ನಾನೂ ಕಾರ್ಯದರ್ಶಿಗಳೂ ಮಾಡಿದ ಒಂದು ಕೆಲಸವನ್ನು ನಿಮ್ಮಲ್ಲಿ ಹಲವರು ಕೇಳಿ ಗಾಬರಿಯಾದರಂತೆ, ಅದಕ್ಕೇ ಹೇಳುತ್ತಿದ್ದೇನೆ. ಬೀರುವಿನಲ್ಲಿದ್ದ ಹಳೆಯ ನಡಾವಳಿ ಪುಸ್ತಕಗಳು ನೆನೆದಿದ್ದವು. ಒದ್ದೆ ಕಾಗದಕ್ಕೆ ಎರಡು ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ಬಿಸಿಲಿಗೆ ಹಾಕಿದರೆ ಹಾಳೆ ಸೆಟೆದು ಶಾಯಿ ಮಾಸುತ್ತದೆ. ಹನ್ನೊಂದು ಪುಸ್ತಕಗಳನ್ನು ಒಂದೊಂದಾಗಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬೀದಿ ಕೊನೆಯ ಐಸ್‌ಕ್ರೀಂ ಅಂಗಡಿಯ ಫ್ರೀಜರಿನಲ್ಲಿ ಇಟ್ಟೆವು. ಹೆಪ್ಪುಗಟ್ಟಿದ ಪುಸ್ತಕ ಕೆಡುವುದಿಲ್ಲ. ಈಗ ವಾರಕ್ಕೊಂದನ್ನು ಹೊರತೆಗೆದು, ಹಾಳೆಗಳ ನಡುವೆ ಒತ್ತುಕಾಗದ ಇಟ್ಟು, ಫ್ಯಾನಿನ ಗಾಳಿಗೆ ಒಣಗಿಸುತ್ತಿದ್ದೇವೆ. ಅಂಗಡಿಯವರು ಬಾಡಿಗೆ ಕೇಳಿಲ್ಲ. ಇಷ್ಟು ವರ್ಷ ಎದುರಿಗಿದ್ದರೂ ಇದು ಏನೆಂದು ಗೊತ್ತಿರಲಿಲ್ಲ, ಒಂದು ದಿನ ಒಳಗೆ ತೋರಿಸಿ ಎಂದಷ್ಟೇ ಕೇಳಿದ್ದಾರೆ.

ಒಳಗೆ ತೋರಿಸಿ. ನನ್ನ ಬೇಡಿಕೆಯೂ ಅದೇ.

ನಿಮ್ಮ ಆಚರಣೆಗಳು ನಿಮ್ಮವು, ಅವನ್ನು ಯಾರೂ ಕೇಳುತ್ತಿಲ್ಲ. ಕಟ್ಟಡವನ್ನು ತೋರಿಸಿ. ನಿಮ್ಮ ಸಂಸ್ಥೆಗೇ ಬಾಗಿಲ ವಿಷಯದಲ್ಲಿ ಒಂದು ಚರಿತ್ರೆ ಇದೆ. ಕಲ್ಕತ್ತೆಯಲ್ಲಿ ಪ್ರಸನ್ನಕುಮಾರ ದತ್ತ ಎಂಬ ಹಿಂದೂ ವ್ಯಾಪಾರಿ ಫ್ರೀಮೇಸನ್ ಆಗಲು 1863ರಲ್ಲಿ ಅರ್ಜಿ ಹಾಕಿ, ತಿರಸ್ಕೃತರಾಗಿ, ಪಟ್ಟು ಬಿಡದೆ ಹೋರಾಡಿ 1872ರಲ್ಲಿ ಆಂಕರ್ ಅಂಡ್ ಹೋಪ್ ಲಾಡ್ಜ್‌ನ ಒಳಗೆ ಹೋದರು. ಒಂಬತ್ತು ವರ್ಷ. ಅದೇ ಲಾಡ್ಜ್‌ಗೆ 1884ರಲ್ಲಿ ನರೇಂದ್ರನಾಥ ದತ್ತ ಎಂಬ ತರುಣ ಸೇರಿದರು, ಮುಂದೆ ಸ್ವಾಮಿ ವಿವೇಕಾನಂದರಾದವರು. ಭಾರತದ ಲಾಡ್ಜ್‌ಗಳಿಗೆ ತಮ್ಮದೇ ಗ್ರ್ಯಾಂಡ್ ಲಾಡ್ಜ್ ಆದದ್ದು 1961ರಲ್ಲಿ. ದತ್ತರ ಅರ್ಜಿಗೂ ಅದಕ್ಕೂ ನಡುವೆ ಸುಮಾರು ನೂರು ವರ್ಷ. ಗೀತೆ, ಬೈಬಲ್, ಕುರಾನ್ ಒಂದೇ ಪೀಠದ ಮೇಲೆ ಕೂತದ್ದು ಒಂದೇ ದಿನದಲ್ಲಿ ಆದದ್ದಲ್ಲ. ಅದನ್ನು ನಮ್ಮ ಬೀದಿಯ ಮಕ್ಕಳು ನೋಡಬೇಕೆಂದು ನನಗೆ ಆಸೆ. ನೋಡಿದವರು ಭೂತಬಂಗಲೆ ಎನ್ನುವುದಿಲ್ಲ.

ಆ ಹಾಲಿನಲ್ಲಿ ನನ್ನ ಕಣ್ಣಿಗೆ ಕಟ್ಟಿದ್ದು ಇನ್ನೊಂದು. ಒಂದು ಗಾಜಿನ ಪೆಟ್ಟಿಗೆಯಲ್ಲಿ ಮೂಲೆಮಟ್ಟ, ಕೈವಾರ, ತೂಕಗುಂಡು, ಮಟ್ಟಪಲಗೆ, ಕರಣೆ, ಎಲ್ಲ ಹಿತ್ತಾಳೆ ಬೆಳ್ಳಿಯವು, ಮಕಮಲ್ಲಿನ ಮೇಲೆ ಇದ್ದವು. ಪಕ್ಕದಲ್ಲಿ ಎರಡು ಕಲ್ಲು, ಒಂದು ಒರಟು, ಒಂದು ನಯವಾಗಿ ಕೆತ್ತಿದ್ದು. ಮನುಷ್ಯ ತನ್ನನ್ನು ತಾನು ಹದ ಮಾಡಿಕೊಳ್ಳುವುದಕ್ಕೆ ಇವು ನಿಮಗೆ ಗುರುತು ಎಂದು ಕಾರ್ಯದರ್ಶಿಗಳು ವಿವರಿಸಿದರು. ನಾನು ಆ ತೂಕಗುಂಡನ್ನೇ ನೋಡುತ್ತಾ ನಿಂತೆ. ನಮ್ಮ ಮನೆಯ ಅಟ್ಟದ ಮೇಲೆ ಒಂದು ಗೋಣಿಚೀಲ ಇದೆ. ಅದರಲ್ಲಿ ಅಪ್ಪನ ತೂಕಗುಂಡು, ಅಪ್ಪನ ಕರಣೆ, ಕಾವು ಸವೆದು ಬೆರಳ ಗುರುತು ಬಿದ್ದದ್ದು. ಒಂದೇ ಸಾಮಾನುಗಳು ತಾರಸಿಯ ಮೇಲೂ ಕೆಳಗೂ ಇದ್ದವು, ನಡುವೆ ಒಂದಡಿ ಗಾರೆ. ಎಷ್ಟೋ ಶತಮಾನದ ಹಿಂದೆ ಕಲ್ಲುಕುಟಿಗರ ಸಂಘಗಳಿಂದ ನಿಮ್ಮ ಬಳಗ ಹುಟ್ಟಿತು ಎಂದು ನೀವೇ ಹೇಳಿಕೊಳ್ಳುತ್ತೀರಿ. ಹಾಗಿದ್ದರೆ ಈ ದುರಸ್ತಿಗೆ ಸುಣ್ಣದ ಕೆಲಸ ಬಲ್ಲ ಮೇಸ್ತ್ರಿಗಳನ್ನು ಕರೆಸಿ, ಅವರ ಜೊತೆ ನಮ್ಮೂರ ನಾಲ್ಕು ಹುಡುಗರಿಗೆ ಕೆಲಸ ಕಲಿಸಿ. ಈ ಕೈಗಳು ಊರಿಗೆ ಒಬ್ಬರು ಇಬ್ಬರು ಉಳಿದಿದ್ದಾರೆ. ನಿಮ್ಮ ಹಾಲಿನಲ್ಲಿ ಕಲಿತವರು ನಾಳೆ ಊರಿನ ಹಳೆ ಶಾಲೆಯನ್ನು, ಛತ್ರವನ್ನು, ಮಸೀದಿಯನ್ನು ಉಳಿಸುತ್ತಾರೆ.

ಕೆಡವಿ ಮಳಿಗೆ ಕಟ್ಟುವ ಪ್ರಸ್ತಾಪದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದರ ಹಿಂದಿರುವುದು ದುರಾಸೆ ಎಂದು ನಾನು ಭಾವಿಸಿಲ್ಲ. ಸದಸ್ಯರು ಕಡಿಮೆ, ವಯಸ್ಸಾಗಿದೆ, ಖರ್ಚಿಗೆ ಹೆದರಿಕೆ. ಆ ಹೆದರಿಕೆ ನನಗೂ ಅರ್ಥವಾಗುತ್ತದೆ. ಆದರೆ ಈಗಲೇ ಬೇಕಾದದ್ದು ತಾರಸಿಯ ದುಡ್ಡು ಮಾತ್ರ, ಅದು ನಿಮ್ಮ ಸಮಾರಂಭಕ್ಕೆ ಮುಂಚಿನ ಬಣ್ಣ ಸಿಮೆಂಟಿನ ಅಂದಾಜಿಗಿಂತ ಕಡಿಮೆ. ಮಿಕ್ಕದ್ದಕ್ಕೆ ಎರಡು ಬೇಸಿಗೆಯ ಸಮಯವಿದೆ. ಬಾಗಿಲು ತೆರೆದರೆ ಊರಿನವರೂ ಕೊಡುತ್ತಾರೆ, ಐಸ್‌ಕ್ರೀಂ ಅಂಗಡಿಯವರು ಆಗಲೇ ಶುರು ಮಾಡಿದ್ದಾರೆ.

ಕೆಲಸದ ಕ್ರಮ ಹೇಳಿಬಿಡುತ್ತೇನೆ, ಏಕೆಂದರೆ ಸುಣ್ಣ ನಿಮ್ಮ ಸಭೆಯ ದಿನಾಂಕಕ್ಕೆ ಕಾಯುವುದಿಲ್ಲ. ಈ ತಿಂಗಳೇ ಸುಣ್ಣ ತರಿಸಿ ಹಿತ್ತಲಿನ ತೊಟ್ಟಿಯಲ್ಲಿ ಅರಳಿಸಿ ನೆನೆಹಾಕಬೇಕು, ಎರಡು ತಿಂಗಳಾದರೂ ಬೆಣ್ಣೆಯ ಹಾಗೆ ಕೂರಬೇಕು. ಶಿವರಾತ್ರಿ ಹೊತ್ತಿಗೆ ತೊಲೆಗಳ ಕೆಲಸ, ಆಮೇಲೆ ತಾರಸಿ. ಹೊಸ ಗಾರೆಗೆ ಬಿಸಿಲು ನೇರ ಬೀಳಬಾರದು, ಒದ್ದೆ ಗೋಣಿ ಹೊದಿಸಿ ಕಾಪಾಡಬೇಕು. ಭರಣಿ ಮಳೆಗೆ ಮೊದಲು ಹೆಂಚು ಕೂರಬೇಕು. ಮುಂಗಾರಿಡೀ ಸುಮ್ಮನೆ ನೋಡಬೇಕು, ಎಲ್ಲಿ ಒಣಗುತ್ತಿದೆ, ಎಲ್ಲಿ ಇನ್ನೂ ತೇವ ಇದೆ ಎಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾ. ಅದರ ಮುಂದಿನ ಬೇಸಿಗೆಗೆ ಗೋಡೆಯ ಗಾರೆ, ಕೊನೆಗೆ ಸುಣ್ಣ.

ತಾರಸಿಯನ್ನು ನೀವೇ ಕಣ್ಣಾರೆ ನೋಡದೆ ಸಭೆಯಲ್ಲಿ ಕೈ ಎತ್ತಬೇಡಿ. ಬರುವ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ನಾನು ಏಣಿ ತೆಗೆದುಕೊಂಡು ನಿಮ್ಮ ಗೇಟಿನ ಹತ್ತಿರ ಇರುತ್ತೇನೆ. ಹಿಂದಿನ ಬೀದಿಯ ಮೂರು ಹುಡುಗರು ಬರುತ್ತಾರೆ, ಚೆಂಡಿನ ಒಡೆಯನೂ ಅವರಲ್ಲಿ ಇದ್ದಾನೆ. ಇಪ್ಪತ್ತೆರಡು ಅಡಿ ಏಣಿ, ಬುಡದಲ್ಲಿ ಇಬ್ಬರು ಹಿಡಿಯಬೇಕು. ಮೇಲೆ ಹತ್ತಲು ಆಗದ ಹಿರಿಯರು ದಯವಿಟ್ಟು ಆ ಕೆಲಸಕ್ಕೆ ಬನ್ನಿ.

ಇತಿ,
ಹಿಂದಿನ ಬೀದಿಯ ಮೇಸ್ತ್ರಿಯ ಮಗಳು